ಕೆಂಪರಾಜುವಿನ ಕೈಗೆ ಉಳಿದ ಚಕ್ರ

ಅಕ್ಕಿ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹನುಮಂತಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ೨೦೦೭ರ ಜುಲೈ ತಿಂಗಳು. ಕುದೂರಿನ ಆ ಶಾಲೆಗೆ ನಾನು ಇಂಗ್ಲಿಷ್ ಮೇಷ್ಟ್ರಾಗಿ ಬಂದು ನಾಲ್ಕು ವರ್ಷವಾಗಿತ್ತು. ಅವಳು ಬಿಸಿಯೂಟದ ಅಡುಗೆಗೆ ಸೇರಿ ಎರಡು ವರ್ಷ. ಅಷ್ಟು ದಿನದಲ್ಲಿ ಉಪ್ಪು ಮುಗಿದಿದೆ, ಗ್ಯಾಸ್ ಬಂದಿಲ್ಲ ಎನ್ನುವುದು ಬಿಟ್ಟು ಅವಳು ನನ್ನ ಹತ್ತಿರ ಬೇರೆ ಮಾತಾಡಿದ್ದೇ ಇಲ್ಲ.

"ಸಾ, ಇದೇನಂತ ಒಸಿ ಓದಿ ಯೋಳ್ತೀರಾ?"

ಮಗಳ ಕಾಪಿ ಪುಸ್ತಕದಿಂದ ಹರಿದ ಹಾಳೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಬರೆದಿರಲಿಲ್ಲ, ನೋಡಿ ನೋಡಿ ಚಿತ್ರದ ಹಾಗೆ ಇಳಿಸಿದ್ದಳು. ವಾಲ್ಯೂಮ್ ಅಪ್, ಚಾನಲ್ ಡೌನ್, ವೀಲ್ ಅಪ್, ವೀಲ್ ಡೌನ್. ಒಂದೊಂದು ಪದದ ಹಿಂದೆ ಮುಂದೆ ಗುಬ್ಬಿಯ ಕೊಕ್ಕಿನಂಥ ಗುರುತು.

"ವೀಲ್ ಅಂದ್ರೆ ಚಕ್ರ," ಎಂದೆ.

"ಚಕ್ರ ಅಂತ ಗೊತ್ತು ಸಾ. ಮುಂದಕ್ಕೆ ತಿರುಗ್ಸಾದು ಯಾವ್ದು, ಇಂದಕ್ಕೆ ತಿರುಗ್ಸಾದು ಯಾವ್ದು, ಅದ್ ಯೋಳಿ."

ಬೆರಳಿಟ್ಟು ತೋರಿಸಿದೆ. ಅವಳು ಅದರ ಪಕ್ಕದಲ್ಲಿ ಕನ್ನಡದಲ್ಲಿ ‘ಮುಂದೆ’, ‘ಹಿಂದೆ’ ಎಂದು ಬರೆದುಕೊಂಡು, ಹಾಳೆಯನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡು ಸಾಂಬಾರಿನ ಕಡೆ ಹೋದಳು. ಅಡುಗೆಯವಳಿಗೆ ಇದೆಲ್ಲ ಯಾಕೆ ಎಂದು ಆ ದಿನ ನಾನು ಕೇಳಲಿಲ್ಲ. ಕೇಳಿದ್ದು ಹದಿನೈದು ದಿನ ಬಿಟ್ಟು, ಅವಳು ಇನ್ನೊಂದು ಹಾಳೆ ಹಿಡಿದು ಬಂದಾಗ.

ಹನುಮಂತಮ್ಮ ತಿಪ್ಪಸಂದ್ರದ ಕಡೆಯವಳು. ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಡಿಸಿದರು. ಹದಿನೆಂಟಕ್ಕೆ ತಾಯಿಯ ತಮ್ಮ ಕೆಂಪರಾಜುವಿಗೇ ಕೊಟ್ಟು ಮದುವೆ ಮಾಡಿದರು. ಹುಟ್ಟಿದಾಗಿನಿಂದ ಮಾವ ಎಂದು ಕರೆದವನು ಗಂಡನಾದ ಮೇಲೂ ಮಾವನಾಗಿಯೇ ಉಳಿದ. ಹಾರೋಹಳ್ಳಿಯಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ಬಾಟಲಿ ಮುಚ್ಚಳ ಮಾಡುವ ಒಂದು ಕಾರ್ಖಾನೆಯಲ್ಲಿ ಅವನಿಗೆ ಮೌಲ್ಡಿಂಗ್ ಮಿಷನ್ನಿನ ಆಪರೇಟರ್ ಕೆಲಸ ಸಿಕ್ಕಿತು. ಅಲ್ಲೇ ಒಂದು ಶೀಟಿನ ಮನೆ ಹಿಡಿದರು. ಧನುಶ್ರೀ ಹುಟ್ಟಿದಳು.

ಕೆಂಪರಾಜು ಒಳ್ಳೆಯವನೇ ಎಂದು ಅವಳು ಯಾವತ್ತೂ ಸುಲಭವಾಗಿ ಹೇಳಿದ್ದಿಲ್ಲ. ದುಡಿಯುತ್ತಿದ್ದ, ಕುಡಿಯುತ್ತಿರಲಿಲ್ಲ. ಆದರೆ ಮನೆಯಲ್ಲಿ ಅವನದೇ ಮಾತು ನಡೆಯಬೇಕು. ಶಿಫ್ಟ್ ಮುಗಿಸಿ ಬಂದರೆ ರಿಮೋಟ್ ಅವನ ಕೈಯಲ್ಲಿ. ಒಂದು ಚಾನಲ್ಲನ್ನೂ ಐದು ನಿಮಿಷ ನೋಡುತ್ತಿರಲಿಲ್ಲ, ಟಕಟಕ ಒತ್ತುತ್ತಲೇ ಇರುತ್ತಿದ್ದ. ಅವಳು ನೋಡುತ್ತಿದ್ದ ಧಾರಾವಾಹಿ ಅಳುವ ಜಾಗಕ್ಕೆ ಬಂದಾಗ ಸರಿಯಾಗಿ ತೆಗೆದು ಸುದ್ದಿಗೆ ಹಾಕುತ್ತಿದ್ದ. "ಇವ್ರು ಅತ್ರೆ ನಿಂಗೇನ್ ಬಂತಮ್ಮಿ?" ಎನ್ನುತ್ತಿದ್ದ. ಒಂದು ಸಲ ಮಗಳು ರಿಮೋಟನ್ನು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದಕ್ಕೆ ಇಬ್ಬರನ್ನೂ ಒಂದು ದಿನ ಮಾತಾಡಿಸಲಿಲ್ಲವಂತೆ.

೨೦೦೪ರಲ್ಲಿ ಅವನ ಬಲಗೈ ಹೆಬ್ಬೆರಳು ಮಿಷನ್ನಿನ ಗುಂಡಿಯನ್ನು ಒತ್ತಲು ಒಲ್ಲೆ ಎಂದಿತು. ನೋವಿಲ್ಲ, ಊತವಿಲ್ಲ. ಎಡಗೈಯಲ್ಲಿ ಒತ್ತಿದ. ಆರು ತಿಂಗಳಿಗೆ ಎಡಗೈಯೂ ಸೋತಿತು. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಬೇಕಾಯಿತು. ಮಾಗಡಿ, ರಾಮನಗರ, ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆ. ಅಲ್ಲಿ ತೋಳಿಗೆ ಸೂಜಿ ಚುಚ್ಚಿ ಮಿಷನ್ನಿನಲ್ಲಿ ನೋಡಿ, ಕೈಕಾಲು ಆಡಿಸುವ ನರಗಳು ಸೊರಗುವ ಕಾಯಿಲೆ ಎಂದರು. ಬುದ್ಧಿಗೆ ಏನೂ ಆಗುವುದಿಲ್ಲ, ಕಣ್ಣು ಕಿವಿಗೆ ಏನೂ ಆಗುವುದಿಲ್ಲ, ಮುಟ್ಟಿದರೆ ತಿಳಿಯುತ್ತದೆ, ಆದರೆ ಒಂದೊಂದಾಗಿ ಎಲ್ಲ ನಿಲ್ಲುತ್ತದೆ. ಎಷ್ಟು ದಿನ ಎಂದು ಅವಳು ಕೇಳಿದಳು. ಮೂರು ವರ್ಷ, ನಾಲ್ಕು ವರ್ಷ ಎಂದರು. ವಾಸಿಯಾಗಲು ಎಷ್ಟು ದಿನ ಎಂದು ತಾನು ಕೇಳಿದ್ದು, ಅವರು ಹೇಳಿದ್ದು ಬೇರೆಯದರ ಲೆಕ್ಕ ಎಂದು ಅವಳಿಗೆ ತಿಳಿದದ್ದು ಬಸ್ಸಿನಲ್ಲಿ ಕೂತ ಮೇಲೆ.

ಕಾರ್ಖಾನೆಯವರು ಮೊದಲು ಗೇಟಿನ ಕೆಲಸ ಕೊಟ್ಟರು. ಬೀಗ ತೆಗೆಯಲು ಆಗದಿದ್ದ ಮೇಲೆ ಬರಬೇಡ ಎಂದರು. ಊರಿನ ಮನೆ ಅಣ್ಣಂದಿರ ಪಾಲಿಗೆ ಹೋಗಿತ್ತು. ಕುದೂರಿನಲ್ಲಿ ಅಡುಗೆ ಕೆಲಸ ಖಾಲಿ ಇದೆ ಎಂದು ಯಾರೋ ಹೇಳಿದರು. ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಮನೆ ಸಿಕ್ಕಿತು. ಪಕ್ಕದ ಮನೆಯ ಯಲ್ಲಮ್ಮ ಹೂವು ಕಟ್ಟಿ ಮಾರುವವಳು. ಹನುಮಂತಮ್ಮ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಬರುವುದು ಮಧ್ಯಾಹ್ನ ಮೂರಕ್ಕೆ. ನಡುವೆ ಹನ್ನೊಂದಕ್ಕೊಂದು ಸಲ ಯಲ್ಲಮ್ಮ ಬಂದು ಕೆಂಪರಾಜುವಿಗೆ ನೀರು ಕುಡಿಸಿ, ಮಗ್ಗುಲು ಹೊರಳಿಸಿ ಹೋಗುತ್ತಿದ್ದಳು. ಉಳಿದ ಹೊತ್ತೆಲ್ಲ ಅವನು, ಟೀವಿ, ಎರಡೇ.

ರಿಮೋಟಿನ ರಬ್ಬರ್ ಗುಂಡಿ ಅವನ ಬೆರಳಿಗೆ ಕಲ್ಲಾಗಿತ್ತು. ಬೆಳಿಗ್ಗೆ ಹಾಕಿಟ್ಟ ಚಾನಲ್ ಮೂರು ಗಂಟೆಯವರೆಗೆ ಓಡುತ್ತಿತ್ತು. ಒಂದು ದಿನ ಅವಳು ಬಂದಾಗ ಬಂಗಾರದೊಡವೆ ಮಾರುವ ಜಾಹೀರಾತಿನ ಚಾನಲ್ ನಡೆಯುತ್ತಿತ್ತು. ಕೇಬಲ್ಲಿನವರು ನಡುವೆ ಏನೋ ಬದಲಾಯಿಸಿ, ನಾಲ್ಕು ಗಂಟೆ ಕಾಲ ಅದೇ ನಡೆದಿತ್ತು. ಕೆಂಪರಾಜು ಅವಳನ್ನು ನೋಡಿ ಅತ್ತುಬಿಟ್ಟ. ಅವನು ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ನಂಗೆ ಕಾಯ್ಲೆ ಬಂದೈತೆ, ಸರಿ. ಬಳೆ ಯಾಕಮ್ಮಿ ನೋಡ್ಬೇಕು ನಾನು?" ಎಂದ.

ಇದು ಹೇಗೋ ಹಾರೋಹಳ್ಳಿಯ ಹಳೆಯ ಗೆಳೆಯರಿಗೆ ತಿಳಿಯಿತು. ಕಾರ್ಖಾನೆಯ ಆಫೀಸಿನಲ್ಲಿ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುತ್ತಿದ್ದರು. ನಾಲ್ಕು ಜನ ಸೇರಿ ಅದರಲ್ಲಿ ಒಂದನ್ನು ಬಿಡಿಸಿಕೊಂಡು, ಮಾಗಡಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದ ತನ್ವೀರ್ ಎನ್ನುವವನ ಕೈಗೆ ಕೊಟ್ಟರು. ತನ್ವೀರನಿಗೆ ಆಗ ಮೂವತ್ತರ ಮೇಲೆ. ರಾಮನಗರದಲ್ಲಿ ಅಪ್ಪ ರೇಷ್ಮೆ ನೂಲು ಬಿಚ್ಚುತ್ತಿದ್ದವರು, ಬಿಸಿನೀರಿನಲ್ಲಿ ಬೆರಳೆಲ್ಲ ಬೆಂದು ಕೊನೆಗೆ ಅನ್ನ ಕಲಸಲೂ ಆಗದೆ ಹೋದವರು. ಆ ಕಾರಣಕ್ಕೋ ಏನೋ, ಕುದೂರಿನ ಮನೆಗೆ ಬಂದವನು ಮೊದಲು ಕೇಳಿದ್ದು, "ಕೈಯಾಗೆ ಏನೇನ್ ಆಡ್ತದೆ, ಅದ್ ತೋರ್ಸಣ್ಣ," ಎಂದು.

ಕೆಂಪರಾಜು ತೋರಿಸಿದ. ಬೆರಳುಗಳನ್ನು ಒತ್ತಲು ಆಗುತ್ತಿರಲಿಲ್ಲ, ಆದರೆ ಎಡಗೈಯನ್ನು ಮೇಜಿನ ಮೇಲೆ ಇಟ್ಟರೆ ಹಿಂದೆ ಮುಂದೆ ಜಾರಿಸಬಲ್ಲವನಾಗಿದ್ದ. ಗುಜರಿಯಲ್ಲಿ ಬಂದ ಕೀಬೋರ್ಡು ಮ್ಯಾನೇಜರನದು. ಅದರ ಎಡ ಅಂಚಿನಲ್ಲಿ ಮೌಸಿನಲ್ಲಿರುವಂಥದೇ ಒಂದು ಚಕ್ರವಿತ್ತು, ಹೆಬ್ಬೆಟ್ಟಿನಷ್ಟು ಅಗಲ. ತನ್ವೀರ್ ಕೇಬಲ್ಲಿನ ತಂತಿಯನ್ನು ಕಂಪ್ಯೂಟರಿಗೇ ಸಿಕ್ಕಿಸುವ ಒಂದು ಕಾರ್ಡು ಹಾಕಿದ. ಟೀವಿ, ಹಾಡು, ಸಿನಿಮಾ ಎಲ್ಲವನ್ನೂ ಒಂದೇ ಪರದೆಯಲ್ಲಿ ತೋರಿಸುವ, ದುಡ್ಡು ಕೊಡಬೇಕಿಲ್ಲದ ಒಂದು ಸಾಫ್ಟ್‌ವೇರನ್ನೂ ಹಾಕಿದ. ಕೆಂಪರಾಜು ಅಂಗೈಯ ಅಂಚಿನಿಂದ ಚಕ್ರವನ್ನು ತಳ್ಳಿದ. ಚಾನಲ್ ಬದಲಾಗಲಿಲ್ಲ, ಸೌಂಡು ಹೆಚ್ಚಾಗಿ ಯಲ್ಲಮ್ಮ ಓಡಿಬಂದಳು.

ಆ ಸಾಫ್ಟ್‌ವೇರ್ ಮಾಡಿದವರು ಚಕ್ರ ಅಂದರೆ ಸೌಂಡು ಎಂದು ನಿಶ್ಚಯಿಸಿಬಿಟ್ಟಿದ್ದರು. ಅದನ್ನು ಬದಲಾಯಿಸಲು ಒಳಗೆ ಒಂದು ಫೈಲಿತ್ತು. ಯಾವ ಕೀಲಿ ಒತ್ತಿದರೆ ಯಾವ ಕೆಲಸ ಎಂದು ಅದರಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ತನ್ವೀರ್ ಅದನ್ನು ತಿದ್ದಿದ. ಮೆನುವಿನಲ್ಲಿ ಚಕ್ರ ಸರಿಯಾಯಿತು, ಟೀವಿ ನೋಡುವಾಗ ಮತ್ತೆ ಸೌಂಡೇ. ಒಂದೊಂದು ಪರದೆಗೂ ಬೇರೆ ಬೇರೆ ಪಟ್ಟಿ, ಎಲ್ಲದರಲ್ಲೂ ತಿದ್ದಬೇಕು ಎಂದು ಅವನಿಗೂ ಆಮೇಲೆ ತಿಳಿಯಿತು. ಸಂಜೆ ಐದರ ಹೊತ್ತಿಗೆ ಕೆಂಪರಾಜು ಚಕ್ರ ತಳ್ಳಿದರೆ ಮುಂದಿನ ಚಾನಲ್ ಬಂತು. ಎಳೆದರೆ ಹಿಂದಿನದು. ಅವನು ಒಂದರಿಂದ ಅರವತ್ತರವರೆಗೆ ಹೋಗಿ ವಾಪಸ್ಸು ಬಂದ. ಹನುಮಂತಮ್ಮ ಕಾಫಿ ಕೊಟ್ಟಳು. ಧನುಶ್ರೀ, "ಅಪ್ಪ, ಕಾರ್ಟೂನು ಬುಡಪ್ಪ," ಎಂದಳು. ಅವನು ಬೇಕೆಂತಲೇ ದಾಟಿಸಿ ಮುಂದೆ ಹೋದ. ಬಹಳ ದಿನದ ಮೇಲೆ ಮೂವರೂ ನಕ್ಕರು.

ಅದಾಗಿ ಎಂಟು ತಿಂಗಳು ಸುಮಾರಾಗಿ ನಡೆಯಿತು. ಆಮೇಲೆ ಕೈ ಎಳೆಯಲು ಸೋತಿತು, ತಳ್ಳುವುದಷ್ಟೇ ಸಾಧ್ಯ. ತಳ್ಳುವಾಗ ಕೈ ನಡುಗಿ ಒಂದು ಸಲಕ್ಕೆ ಐದಾರು ಚಾನಲ್ ಹಾರಿಹೋಗುತ್ತಿತ್ತು. ಬೇಕಾದ್ದನ್ನು ಹಿಡಿಯಲು ಮತ್ತೆ ಅರವತ್ತನ್ನೂ ಸುತ್ತಬೇಕು. ತನ್ವೀರ್ ಮಾಗಡಿಯಿಂದ ಎಷ್ಟು ಸಲ ಬರಲಾದೀತು? ಮೂರನೆಯ ಸಲ ಬಂದಾಗ, "ಅಕ್ಕಾ, ನೀವೇ ಕಲೀರಿ. ಫೈಲ್ ತೆಗೆಯೋದು, ತಿದ್ದೋದು, ಮುಚ್ಚೋದು. ಇಷ್ಟೇಯ," ಎಂದ.

"ನಂಗ್ ಇಂಗ್ಲಿಸ್ ಬರಾಕಿಲ್ಲ ಕಣಣ್ಣ."

"ಓದ್ಬೇಡಿ. ನೋಡಿ ಅಂಗೇ ಇಳ್ಸಿ."

ಅವಳು ನನ್ನ ಹತ್ತಿರ ತಂದ ಹಾಳೆಗಳು ಅವೇ. ಹೀಗೆ ಇಳಿಸಿ ಇಳಿಸಿ ಅಕ್ಷರ ಅವಳ ಕೈಗೆ ಹತ್ತಿತು. ಒಂದು ಭಾನುವಾರ ಆ ಗುಬ್ಬಿ ಕೊಕ್ಕಿನ ಗುರುತೊಂದನ್ನು ಅಳಿಸಿದವಳು ಮತ್ತೆ ಬರೆಯುವುದನ್ನು ಮರೆತಳಂತೆ. ಇಡೀ ಫೈಲನ್ನೇ ಯಂತ್ರ ಒಪ್ಪಲಿಲ್ಲ. ಎಲ್ಲ ಮೊದಲಿನ ಹಾಗಾಗಿ, ಚಕ್ರ ಮತ್ತೆ ಸೌಂಡಾಯಿತು. ತಪ್ಪು ಎಲ್ಲಿ ಎಂದು ಸಂಜೆಯವರೆಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹುಡುಕಿದಳು. ಸಿಕ್ಕಿತು. ಮಾರನೆಯ ದಿನ ಅನ್ನ ಬಡಿಸುತ್ತ ನನಗೆ ಹೇಳಿದಳು: "ಒಂದ್ ಕೊಕ್ಕು ಸಾ. ಒಂದೇ ಒಂದ್ ಕೊಕ್ಕು ಇರ್ನಿಲ್ಲ." ಅವಳ ಮುಖದಲ್ಲಿ ಹೆಮ್ಮೆ ಕಂಡದ್ದು ಆ ಒಂದು ದಿನ.

ನಾನು ಆ ಮನೆಗೆ ಹೋಗಲು ಶುರುಮಾಡಿದ್ದು ಆಗಿನಿಂದ. ಕೆಂಪರಾಜು ದಿಂಬಿಗೆ ಒರಗಿಸಿ ಕೂರಿಸಿದ ಹಾಗೆ ಕೂತಿರುತ್ತಿದ್ದ. ಕೀಬೋರ್ಡನ್ನು ಒಂದು ಹಲಗೆಗೆ ಬಿಗಿದು ತೊಡೆಯ ಪಕ್ಕ ಇಟ್ಟಿದ್ದರು. ಅವಳು ಅರವತ್ತು ಚಾನಲ್ಲಿನಲ್ಲಿ ಅವನು ಬೇಡ ಎಂದವನ್ನೆಲ್ಲ ತೆಗೆದು ಇಪ್ಪತ್ತಕ್ಕೆ ಇಳಿಸಿದ್ದಳು. ಆಮೇಲೆ ಹನ್ನೆರಡು. ಆಮೇಲೆ ಏಳು. ಯಾವುದು ಇರಬೇಕು ಯಾವುದು ಹೋಗಬೇಕು ಎಂದು ಇಬ್ಬರೂ ಜಗಳವಾಡುತ್ತಿದ್ದರು. ಅವಳು ತನ್ನ ಧಾರಾವಾಹಿಯ ಚಾನಲ್ಲನ್ನು ಪಟ್ಟಿಯಲ್ಲಿ ಉಳಿಸಿಕೊಂಡಿದ್ದಳೆಂದು ಅವನಿಗೆ ಕೋಪ, ತೊದಲುತ್ತಲೇ ಬೈಯುತ್ತಿದ್ದ. ಅವನ ಮಾತು ಆಗಲೇ ಮುದ್ದೆಯಾಗಿತ್ತು, ಅವಳೊಬ್ಬಳಿಗೆ ಅರ್ಥವಾಗುತ್ತಿತ್ತು. "ಏನಂತಾನೆ?" ಎಂದರೆ, "ನಿಮ್ಗ್ಯೋಳೋ ಅಂತ ಮಾತಲ್ಲ ಸಾ," ಎನ್ನುತ್ತಿದ್ದಳು.

೨೦೦೮ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಯಲ್ಲಮ್ಮ ಬರುವುದು ತಡವಾಯಿತು. ಉಗುಳು ಗಂಟಲಿಗೆ ಸಿಕ್ಕಿ ಕೆಂಪರಾಜು ಒದ್ದಾಡುತ್ತಿದ್ದದ್ದನ್ನು ಅವಳು ಬಂದು ನೋಡಿ, ಎತ್ತಿ ಬೆನ್ನು ತಟ್ಟಿ ಉಳಿಸಿದಳು. ಹನುಮಂತಮ್ಮ ಅವತ್ತು ಸಂಜೆ ಕೂತು ಒಂದು ಕೆಲಸ ಮಾಡಿದಳು. ಧನುಶ್ರೀಯ ಬಾಯಲ್ಲಿ, "ಯಲ್ಲಮ್ಮತ್ತೇ, ಬಾರತ್ತೇ," ಎಂದು ಜೋರಾಗಿ ಕೂಗಿಸಿ ಕಂಪ್ಯೂಟರಿನಲ್ಲಿ ಹಿಡಿದಿಟ್ಟಳು. ಹೇಗೆ ಎಂದು ತನ್ವೀರ್ ಫೋನಿನಲ್ಲಿ ಹೇಳಿದ್ದ. ಚಕ್ರವನ್ನು ತಳ್ಳಿದರೆ ಚಾನಲ್, ಅದುಮಿದರೆ ಈ ಕೂಗು. ಚಕ್ರವನ್ನು ಅದುಮುವಷ್ಟು ಭಾರ ಅವನ ಕೈಗೆ ಇನ್ನೂ ಇತ್ತು.

ಮೊದಲ ಸಲ ಮಗಳ ಧ್ವನಿ ಪೆಟ್ಟಿಗೆಯಿಂದ ಬಂದಾಗ ಅವನು ಬೆಚ್ಚಿಬಿದ್ದ. ಆಮೇಲೆ ಏನೋ ಹೇಳಿದ.

"ಏನಂದ?" ಎಂದೆ. ನಾನು ಅಲ್ಲೇ ಇದ್ದೆ.

"ನನ್ ಮಗಳ ಕೈಲಿ ನನ್ ಸಾವಿಗೆ ಜನ ಕರೆಸ್ಬ್ಯಾಡ ಅಂತಾನೆ."

ತೆಗೆಯಲಿಲ್ಲ ಅವಳು. "ನಿಂಗ್ ಬ್ಯಾಡದಿದ್ರೆ ಅದುಮ್ಬ್ಯಾಡ. ಅಲ್ಲಿ ಇರ್ಲಿ," ಎಂದು ಗಟ್ಟಿಯಾಗಿಯೇ ಹೇಳಿದಳು. ಚಾನಲ್ಲಿನ ಜಗಳ ಬಿಟ್ಟರೆ ಅವಳು ಅವನ ಮಾತನ್ನು ಮೀರಿದ್ದು ಬಹುಶಃ ಅದೇ ಮೊದಲು. ಅವನು ಎರಡು ದಿನ ಚಾನಲ್ಲನ್ನೂ ತಿರುಗಿಸಲಿಲ್ಲ. ಆ ಕೂಗನ್ನು ಅವನು ಒಂದು ಸಲವೂ ಬಳಸಲಿಲ್ಲ ಎಂದು ಯಲ್ಲಮ್ಮ ನನಗೆ ಆಮೇಲೆ ಹೇಳಿದಳು. ಅವಳು ಹೂವು ಕಟ್ಟುತ್ತ ಅದಕ್ಕಾಗಿ ಕಿವಿಗೊಟ್ಟೇ ಇರುತ್ತಿದ್ದಳಂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮಾತು ಪೂರ್ತಿ ಹೋಯಿತು. ಹೌದು ಎಂದರೆ ಕಣ್ಣು ಮುಚ್ಚುವುದು, ಇಲ್ಲ ಎಂದರೆ ಗೋಡೆಯ ಕಡೆ ನೋಡುವುದು. ತೋಳು ಪೂರ್ತಿ ಸೋತು, ಎಡಗೈ ಕಿರುಬೆರಳೊಂದು ಉಳಿದಿತ್ತು. ಅದನ್ನು ಚಕ್ರದ ಹಲ್ಲಿನ ಮೇಲೆ ಇಟ್ಟರೆ, ಬೆರಳು ಒಂದಿಷ್ಟು ಮಡಿಸಿಕೊಂಡು ಒಂದು ಹಲ್ಲು ಕೆಳಗೆ ಎಳೆಯುತ್ತಿತ್ತು. ಅಷ್ಟೇ. ಅದುಮಲು ಆಗದು, ತಳ್ಳಲು ಆಗದು.

ಅಂದರೆ ಇನ್ನು ಒಂದೇ ಕೆಲಸ. ಆ ಒಂದಕ್ಕೆ ಯಾವುದನ್ನು ಕೊಡಬೇಕು?

ಒಂದು ಭಾನುವಾರ ನಡೆದದ್ದನ್ನು ಹನುಮಂತಮ್ಮ ಮಾರನೆಯ ದಿನ ಶಾಲೆಯ ಅಡುಗೆಮನೆಯಲ್ಲಿ ಹೇಳಿದಳು. ಬೇಳೆ ಕುದಿಯುತ್ತಿತ್ತು. ಹೇಳುವಾಗ ಅವಳು ನನ್ನನ್ನು ನೋಡಲಿಲ್ಲ.

ಅವಳು ಫೈಲನ್ನು ತೆರೆದಿಟ್ಟುಕೊಂಡು ಅವನ ಮುಂದೆ ಕೂತಳಂತೆ.

"ಮಾವ, ಒಂದೇ ಬರ್ತೈತೆ. ಏನ್ ಮಡುಗ್ಲಿ? ಕೂಗಾದು ಮಡುಗ್ಲಾ?"

ಗೋಡೆ.

"ಅಂಗಾರೆ ಚಾನಲ್ಲು. ಅದೇ ಅಲ್ವಾ?"

ಅವಳು ಅದೇ ಎಂದು ಆಗಲೇ ಬೆರಳು ಕೀಲಿಯ ಮೇಲೆ ಇಟ್ಟಿದ್ದಳು. ನೋಡಿದರೆ ಅವನ ಕಣ್ಣು ಗೋಡೆಯ ಮೇಲಿತ್ತು.

"ಚಾನಲ್ಲೂ ಬ್ಯಾಡ್ವಾ? ಇನ್ನೇನ್ ಬೇಕು? ಸೌಂಡಾ?"

ಗೋಡೆ. ಅವಳು ಪಟ್ಟಿಯಲ್ಲಿ ತನಗೆ ಗೊತ್ತಿದ್ದ ಪದಗಳನ್ನೆಲ್ಲ ಒಂದೊಂದಾಗಿ ಕೇಳಿದಳು. ಹಾಡು? ಫೋಟೋ? ನಿಲ್ಲಿಸುವುದು? ಮುಂದೆ ಓಡಿಸುವುದು? ಮುಗಿಯುತ್ತ ಬಂತು. ಕೊನೆಯ ಸಾಲಿನಲ್ಲಿ ಒಂದು ಪದ ಉಳಿದಿತ್ತು. ಅದನ್ನು ನಾನೇ ಅವಳಿಗೆ ಹಿಂದೆ ಓದಿ ಹೇಳಿದ್ದೆ.

"ಆಫ್ ಮಾಡಾದಾ?"

ಅವನು ಕಣ್ಣು ಮುಚ್ಚಿದ.

"ಆಫ್ ಮಾಡ್ಕಂಡು ಏನ್ ಮಾಡ್ತೀಯ ಮಾವ? ಗ್ವಾಡೆ ನೋಡ್ಕಂಡ್ ಕೂತಿರ್ತೀಯಾ? ತಿರ್ಗಾ ಆನ್ ಮಾಡಾಕ್ ನಿನ್ ಕೈಲಿ ಆಗಾಕಿಲ್ಲ, ನಾನೇ ಬರ್ಬೇಕು, ಮೂರ್ ಗಂಟೆಗೆ! ತಿಳೀತಾ?"

ಅವನು ಕಣ್ಣು ಮುಚ್ಚಿಯೇ ಇದ್ದ. ತೆರೆಯಲೇ ಇಲ್ಲ. ಅವಳು ಬೈದಳು, ಅತ್ತಳು, ಹೊರಗೆ ಹೋಗಿ ಯಲ್ಲಮ್ಮನ ಜಗುಲಿಯ ಮೇಲೆ ಕೂತು ಬಂದಳು. ಬಂದಾಗಲೂ ಅವನ ಕಣ್ಣು ಮುಚ್ಚಿತ್ತು. ನಿದ್ದೆ ಬಂದಿದೆ ಎಂದುಕೊಂಡು ಹತ್ತಿರ ಹೋದರೆ ರೆಪ್ಪೆ ಅಲುಗುತ್ತಿತ್ತು.

ತಿದ್ದಿ ಕೊಟ್ಟಳು. ನಿಜವಾಗಿಯೂ ಆಫ್ ಮಾಡಬೇಕೇ ಎಂದು ಯಂತ್ರ ಒಂದು ಸಲ ಕೇಳುತ್ತಿತ್ತು. ಅದಕ್ಕೆ ಉತ್ತರ ಕೊಡಲು ಅವನ ಬೆರಳಿಗೆ ಆಗದು. ತನ್ವೀರನಿಗೆ ಫೋನ್ ಮಾಡಿ ಆ ಪ್ರಶ್ನೆಯನ್ನೂ ತೆಗೆಸಿದಳು. ತನ್ವೀರ್ ಎರಡು ಸಲ ಕೇಳಿದನಂತೆ, "ಅಕ್ಕಾ, ಇದು ಬೇಕೇ ಬೇಕಾ?" ಎಂದು.

"ತಪ್ ಮಾಡ್ಬುಟ್ನಾ ಸಾ?" ಎಂದು ಬೇಳೆ ತಿರುವುತ್ತ ಕೇಳಿದಳು. ನಾನು ಏನೋ ಸಮಾಧಾನ ಹೇಳಿದೆ. ಏನು ಹೇಳಿದೆ ಎಂದು ಈಗ ನೆನಪಿಲ್ಲ, ಅದರಿಂದ ಪ್ರಯೋಜನವಾಗಲಿಲ್ಲ ಎನ್ನುವುದು ನೆನಪಿದೆ.

ಅಂದಿನಿಂದ ಬೆಳಿಗ್ಗೆ ಅವಳು ಅವನಿಗೆ ಗಂಜಿ ಕುಡಿಸಿ, ಒರೆಸಿ, ಕೂರಿಸಿ, ಯಾವ ಚಾನಲ್ ಎಂದು ಕೇಳಿ ಹಾಕಿ, ಕಿರುಬೆರಳನ್ನು ಚಕ್ರದ ಮೇಲಿಟ್ಟು ಕೆಲಸಕ್ಕೆ ಬರುತ್ತಿದ್ದಳು. ಮೂರಕ್ಕೆ ಹೋದರೆ ಪರದೆ ಕಪ್ಪಗಿರುತ್ತಿತ್ತು. ಯಾವಾಗ ಆಫ್ ಮಾಡಿದ ಎಂದು ತಿಳಿಯಲು ಅವಳು ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಶುರುವಿನಲ್ಲಿ ಬಿಸಿ ಇರುತ್ತಿತ್ತು, ಅಂದರೆ ಈಗಷ್ಟೇ. ದೀಪಾವಳಿ ಕಳೆದ ಮೇಲೆ ಉಗುರು ಬೆಚ್ಚಗೆ. ಜನವರಿಗೆ ತಣ್ಣಗೆ. ಹನ್ನೊಂದಕ್ಕೆ ಬರುವ ಯಲ್ಲಮ್ಮನೂ ಪರದೆ ಕಪ್ಪಗಿರುವುದನ್ನೇ ನೋಡುತ್ತಿದ್ದಳು. ಕರೆಂಟು ಹೋಗಿದೆ ಎಂದುಕೊಂಡು ಸ್ವಿಚ್ಚು ಹಾಕಿ ನೋಡಿ, ಫ್ಯಾನು ತಿರುಗಿದ ಮೇಲೆ ಅವಳಿಗೆ ಅರ್ಥವಾಯಿತು. ಆನ್ ಮಾಡಲು ಅವಳಿಗೆ ಬರುತ್ತಿರಲಿಲ್ಲ, ಕಲಿಯುತ್ತೇನೆ ಎಂದದ್ದಕ್ಕೆ ಕೆಂಪರಾಜು ಗೋಡೆ ನೋಡಿದ.

ಒಂದು ದಿನ ಹನುಮಂತಮ್ಮ ಹೊರಟವಳು ಚಪ್ಪಲಿ ಮೆಟ್ಟಿಕೊಳ್ಳಲು ಬಾಗಿಲಲ್ಲಿ ಬಗ್ಗಿದಾಗಲೇ ಹಿಂದೆ ಸುದ್ದಿಯವನ ಧ್ವನಿ ನಿಂತಿತು. ತಿರುಗಿ ನೋಡಲಿಲ್ಲವಂತೆ. ಹಾಗೇ ಬಂದಳು.

ನಾಳೆಯಿಂದ ಹಾಕುವುದೇ ಬೇಡವಾ ಎಂದು ಅವಳು ಅವನನ್ನು ಕೇಳಿದಳು. ಅವನು ಗೋಡೆ ನೋಡಿದ. ಹಾಕಲೇಬೇಕು. ಅವನು ಆಫ್ ಮಾಡಬೇಕು. ಅದು ಹಾಗೇ ನಡೆಯಿತು.

೨೦೦೯ರ ಮಾರ್ಚಿನಲ್ಲಿ, ಮಕ್ಕಳಿಗೆ ಪರೀಕ್ಷೆ ನಡೆಯುತ್ತಿದ್ದ ದಿನ, ಹನ್ನೊಂದೂಕಾಲಿಗೆ ಯಲ್ಲಮ್ಮ ಹೂವಿನ ಬುಟ್ಟಿ ಹಿಡಿದವಳು ಹಾಗೇ ಶಾಲೆಗೆ ಓಡಿಬಂದಳು. ನಾನೂ ಹನುಮಂತಮ್ಮನ ಜೊತೆ ಹೋದೆ. ಕೆಂಪರಾಜುವಿನ ತಲೆ ಎದೆಗೆ ಬಾಗಿತ್ತು. ತುಟಿ ನೀಲಿಯಾಗಿತ್ತು. ಡಾಕ್ಟರು ಬಂದು ನೋಡಿ, ಜೀವ ಹೋಗಿ ಒಂದು ಗಂಟೆಯ ಮೇಲಾಗಿರಬೇಕು ಎಂದರು.

ಪರದೆಯಲ್ಲಿ ಟೀವಿ ಓಡುತ್ತಿತ್ತು. ಯಾರೋ ಒಬ್ಬ ಹೆಂಗಸು ಬದನೆಕಾಯಿ ಹೆಚ್ಚುತ್ತ ನಗುನಗುತ್ತ ಮಾತಾಡುತ್ತಿದ್ದಳು. ನಾನು ಹೋಗಿ ಹಿಂದಿನ ವೈರು ಕಿತ್ತೆ.

ಅವತ್ತಿನಿಂದ ಹನುಮಂತಮ್ಮನಿಗೆ ಅದೇ ಯೋಚನೆ. ತಿಥಿ ಮುಗಿಸಿ ಕೆಲಸಕ್ಕೆ ಬಂದ ಮೇಲೂ ಅದೇ. "ಅವತ್ ಆನಾಗೇ ಇತ್ತಲ್ಲ ಸಾ. ಬೆರಳು ಸೋತೋಗಿತ್ತಾ? ಇಲ್ಲಾ ನೋಡಾಣ ಅಂತ ಮನಸ್ ಬಂದಿತ್ತಾ?" ಎನ್ನುತ್ತಿದ್ದಳು. ಇನ್ನೊಂದು ದಿನ, "ಕೂಗಾದೇ ಮಡುಗಿದ್ರೆ ಯಲ್ಲಮ್ಮಂಗ್ ಕೇಳ್ಸದು," ಎಂದಳು. ಕೂಗು ಇದ್ದಾಗಲೂ ಅವನು ಅದನ್ನು ಬಳಸಲಿಲ್ಲವಲ್ಲ ಎಂದೆ. "ಆವಾಗ ಬ್ಯಾಡ ಅಂದಿದ್ದ. ಸಾಯೋ ಒತ್ನಾಗೂ ಬ್ಯಾಡ ಅಂದಿದ್ನಾ ಯಾರಿಗ್ ಗೊತ್ತು?" ಎಂದಳು.

ಮೇ ತಿಂಗಳಲ್ಲಿ ಅವಳ ಜಾಗಕ್ಕೆ ಬೇರೆ ಯಾರನ್ನೋ ಹಾಕಿಸಬೇಕೆಂದು ಮೇಲಿನಿಂದ ಒತ್ತಾಯ ಬಂತು. ಅವಳನ್ನು ಬಿಡಿಸಿದರು. ನಾನು ಎರಡು ಅರ್ಜಿ ಬರೆದುಕೊಟ್ಟೆ, ಯಾರೂ ಉತ್ತರಿಸಲಿಲ್ಲ. ತನ್ವೀರ್ ತನ್ನ ಅಂಗಡಿಯ ಮಾಲೀಕನಿಗೆ ಹೇಳಿ ಅವಳನ್ನು ಮಾಗಡಿಗೆ ಕರೆಸಿದ. ಅಂಗಡಿಗೆ ಒಬ್ಬರು ಬೇಕಾಗಿದ್ದರು. ಮಾಲೀಕ ಅವಳ ಸೀರೆ, ಕೈ, ಕಾಲು ಎಲ್ಲ ನೋಡಿದ.

"ಏನ್ ಓದಿದೀಯಮ್ಮ?"

"ಒಂಬತ್ತನೇ ಕ್ಲಾಸು."

"ಕಂಪ್ಯೂಟರ್ ಸರ್ಟಿಫಿಕೇಟ್ ಐತಾ?"

"ಅವ್ರಿಗೆ ಕೀ ಬದಲಾಯ್ಸೋ ಫೈಲೆಲ್ಲ ಬರ್ತದೆ ಸರ್," ಎಂದು ತನ್ವೀರ್ ಮಧ್ಯೆ ಬಾಯಿ ಹಾಕಿದ. "ನಮ್ಮಲ್ಲಿ ಯಾರೂ ಅದನ್ನ ಅಷ್ಟು ನೀಟಾಗಿ ಮಾಡಲ್ಲ."

"ಕೀ ಬದಲಾಯ್ಸಿ ಅಂತ ಕೇಳ್ಕಂಡ್ ಯಾರ್ ಬತ್ತಾರಯ್ಯ ಅಂಗ್ಡಿಗೆ?" ಎಂದು ಮಾಲೀಕ ನಕ್ಕ. ಕೆಟ್ಟ ಮನುಷ್ಯನಲ್ಲ, ಅವಳಿಗೆ ಟೀ ತರಿಸಿಕೊಟ್ಟ. ಕಸ ಗುಡಿಸುವುದಕ್ಕಾದರೆ ಬರಲಿ, ದಿನಕ್ಕೆ ಒಂದು ಗಂಟೆ ಕೆಲಸ ಎಂದ. ಮಾಗಡಿಗೆ ಬಂದು ಹೋಗುವ ಬಸ್ಸಿಗೆ ಅದು ಸಾಲುತ್ತಿರಲಿಲ್ಲ.

ಜೂನ್‌ನಲ್ಲಿ ಅವಳು ಹಾರೋಹಳ್ಳಿಗೆ ಹೋದಳು. ಗಂಡನ ಗೆಳೆಯರೇ ಒಂದು ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ ಕೆಲಸ ಕೊಡಿಸಿದರು. ಬೆಳಿಗ್ಗೆ ಆರಕ್ಕೆ ಶಿಫ್ಟು, ಮನೆಯಲ್ಲಿ ಮಗಳನ್ನು ನೋಡಿಕೊಳ್ಳುವವರಿಲ್ಲ. ಧನುಶ್ರೀಯನ್ನು ಮಾಗಡಿಯ ಹಾಸ್ಟೆಲಿಗೆ ಸೇರಿಸಿದಳು. ಕಂಪ್ಯೂಟರನ್ನು ಬಾಡಿಗೆ ಕೋಣೆಗೆ ಒಯ್ಯಲಾಗದೆ ತನ್ವೀರನಿಗೆ ಕೊಟ್ಟಳು. ಯಾರಿಗಾದರೂ ಉಪಯೋಗವಾಗಲಿ ಎಂದಳಂತೆ. ಅದರ ಬೋರ್ಡು ಆಗಲೇ ಸುಟ್ಟಿತ್ತು, ಬಿಡಿಸಿ ಗುಜರಿಗೆ ಹಾಕಿದೆ, ಅವಳಿಗೆ ಮಾತ್ರ ಹೇಳಲಿಲ್ಲ ಎಂದು ತನ್ವೀರ್ ನನ್ನ ಹತ್ತಿರ ಹೇಳಿದ.

ಮರುವರ್ಷ ಒಂದು ಭಾನುವಾರ ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದಳು. ಮಗಳನ್ನು ನೋಡಿ ವಾಪಸ್ಸು ಹೊರಟಿದ್ದಳು. ಮೈ ಇಳಿದಿತ್ತು.

"ಕೆಲಸ ಹೇಗಿದೆ?" ಎಂದೆ.

"ಐತೆ ಸಾ. ನಿಂತ್ಕಂಡೇ ಮಾಡ್ಬೇಕು. ಡಬ್ಬಕ್ಕೆ ಚೀಟಿ ಅಂಟ್ಸೋ ಮಿಷನ್ ಐತೆ, ಅದ್ರದೊಂದು ಪರದೆ. ಉಲ್ಟಾ ತಿರುಗ್ತೈತೆ, ಒಳಗ್ ಎಲ್ಲೋ ಬರ್ದಿರ್ತೈತೆ ಬದಲಾಯ್ಸಿ ಅಂದೆ. ಸೂಪರ್‌ವೈಸರು, ನಿಂಗ್ಯಾಕಮ್ಮ ಅವೆಲ್ಲ, ಡಬ್ಬ ಎತ್ತು ಅಂದ್ರು. ಎತ್ತಿದೆ."

"ಧನುಶ್ರೀ?"

"ಓದ್ತಾವ್ಳೆ. ಮಾತು ಕಮ್ಮಿ ಆಗೈತೆ. ಆಸ್ಟೆಲ್ನಾಗೆ ಕಂಪ್ಯೂಟರ್ ತಂದವ್ರೆ ಸಾ, ವಾರಕ್ಕೊಂದಪ ಎಲ್ರನ್ನೂ ಕೂರುಸ್ತಾರಂತೆ. ಇವ್ಳೊಬ್ಳು ಕೂರಾಕಿಲ್ಲ ಅಂತಾಳೆ. ವಾರ್ಡನ್ ಅಮ್ಮ ನನ್ನ ಕೇಳ್ತು, ಯಾಕ್ ಇಂಗೆ ಅಂತ. ಏನಂತ ಯೋಳ್ಲಿ?"

ಕನಕಪುರದ ಕಡೆಯ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಅವಳು ಚೀಲವನ್ನು ಎದೆಗೆ ಅವಚಿಕೊಂಡು ನುಗ್ಗಿ ಹತ್ತಿದಳು. ಸೀಟು ಸಿಗಲಿಲ್ಲ. ಮೇಲಿನ ಕಂಬಿ ಹಿಡಿದು ನಿಂತದ್ದು ಕಿಟಕಿಯಲ್ಲಿ ಕಂಡಿತು. ಬಸ್ಸು ಹೊರಟಿತು. ನಾನು ಕುದೂರಿನ ಬಸ್ಸು ನಿಲ್ಲುವ ಕಡೆಗೆ ನಡೆದೆ.